ಮೊದಲ ಚಮಚ ಯಾರಿಗೆ

ಬೀಗಿತ್ತಿಯ ಕೂದಲು ಪೂರ್ತಿ ಬೆಳ್ಳಗಾಗಿರದಿದ್ದರೆ ಸಾಕು ಎಂದು ಸಂದಾ ಬೆಳಗಿನಿಂದ ಎಷ್ಟನೆಯ ಸಲವೋ ಅಂದುಕೊಂಡಳು. ತಮ್ಮ ತೂರಾ ಕಳಿಸಿದ್ದ ಪಟದಲ್ಲಿ ಆ ಹೆಂಗಸು, ಅವನ ಅತ್ತೆ, ವಿಮಾನ ನಿಲ್ದಾಣದ ಬಾಗಿಲಲ್ಲಿ ಉಣ್ಣೆಯ ಟೋಪಿ ಎಳೆದುಕೊಂಡು ನಿಂತಿದ್ದಳು, ಕೂದಲು ಕಾಣುತ್ತಿರಲಿಲ್ಲ. ಮುಖ ದುಂಡಗಿತ್ತು. ದುಂಡು ಮುಖದವರ ವಯಸ್ಸು ಹೇಳುವುದು ಬ್ರಹ್ಮವಿದ್ಯೆ. ಮಿಷನ್ ಬೀದಿಯ ಬಸ್ಸಿನಲ್ಲಿ ಕೂತು ಅವಳು ಆ ಪಟವನ್ನು ಬೆರಳಿನಿಂದ ಹಿಗ್ಗಿಸಿ ಕಣ್ಣಿನ ಕೆಳಗಿನ ಸುಕ್ಕು ನೋಡಿದಳು, ಕತ್ತು ನೋಡಿದಳು, ಕೈ ನೋಡಿದಳು. ಕೈಗೆ ಚೀಲ ಅಡ್ಡ ಬಂದಿತ್ತು. ಕಿಟಕಿಯಾಚೆ ಡೇಲಿ ಸಿಟಿಯ ಮಂಜು ಗುಡ್ಡದ ಮನೆಗಳ ಮೇಲಿಂದ ಇಳಿದು ರಸ್ತೆಗೆ ಬಂದಿತ್ತು. ನಿನ್ನೆ ರಾತ್ರಿ ತಲೆಗೆ ಬಣ್ಣ ಹಚ್ಚಿ ತೊಳೆದು ಕನ್ನಡಿ ನೋಡಿಕೊಂಡಾಗಲೇ ಅವಳಿಗೆ ತಾನು ಮಾಡಿಕೊಂಡ ಕೆಲಸ ಹೊಳೆದದ್ದು. ಈ ಒಂದು ವಾರವಾದರೂ ಬಿಳಿ ಕೂದಲು ಬಿಟ್ಟುಕೊಂಡು ಬರಬಾರದಿತ್ತೇ. ಥೂ, ನನ್ನ ಬುದ್ಧಿಗಿಷ್ಟು. ಐವತ್ತೊಂಬತ್ತು ವರ್ಷದ ತಲೆ ಕಾಗೆಯ ಹಾಗೆ ಕಪ್ಪಗೆ ಹೊಳೆಯುತ್ತಿತ್ತು.

ಯಾಕೆಂದರೆ ಅವಳ ತಲೆಯಲ್ಲಿ ಇದ್ದದ್ದು ಒಂದೇ ಮಾತು: ಇವತ್ತು ತೂರಾ ಮೊದಲ ಚಮಚ ಯಾರ ತಟ್ಟೆಗೆ ಹಾಕುತ್ತಾನೆ. ಅವರ ಜನರ ಮನೆಗಳಲ್ಲಿ, ಬರ್ಮಾದ ಮಂಡಲೆಯಲ್ಲಾಗಲಿ ಈ ಪರದೇಶದಲ್ಲಾಗಲಿ, ಊಟಕ್ಕೆ ಕೂತಾಗ ಕಿರಿಯರು ಪಲ್ಯದಿಂದ ಮೊದಲ ಚಮಚ ತೆಗೆದು ಎಲ್ಲರಿಗಿಂತ ಹಿರಿಯರ ಅನ್ನದ ಮೇಲೆ ಇಡಬೇಕು. ಆಮೇಲೆಯೇ ಉಳಿದವರ ಕೈ ಮುಂದೆ ಬರುವುದು. ಹಿರಿಯರು ಮನೆಯಲ್ಲಿ ಇಲ್ಲವೋ, ಅವರ ಹೆಸರಲ್ಲಿ ಒಂದು ತುಂಡನ್ನು ಪಾತ್ರೆಯ ಮುಚ್ಚಳದ ಮೇಲೆ ತೆಗೆದಿಡಬೇಕು. ಸಂದಾ ದೊಡ್ಡ ಅಂಗಡಿಯೊಂದರ ಮೂಲೆಯ ಗಾಜಿನ ಗೂಡಿನಲ್ಲಿ ನಿಂತು ದಿನವೆಲ್ಲ ಜಪಾನಿನವರ ಸುಶಿ ಸುತ್ತುತ್ತಿದ್ದಳು. ತಣ್ಣನೆಯ ಅನ್ನ, ತಣ್ಣನೆಯ ಮೀನು, ಬೆರಳಿಗೆಲ್ಲ ವಿನಿಗರ್ ವಾಸನೆ. ತೂರಾ ಇನ್ನೂ ಮದುವೆಯಾಗದೆ ಇಬ್ಬರೂ ಒಂದೇ ಮನೆಯಲ್ಲಿದ್ದ ಕಾಲದಲ್ಲಿ, ಅವಳು ಮನೆಗೆ ಬರುವಷ್ಟರಲ್ಲಿ ಅವನು ಉಂಡು ಮಲಗಿರುತ್ತಿದ್ದ. ಒಲೆಯ ಮೇಲೆ ಮಗುಚಿಟ್ಟ ಮುಚ್ಚಳದಲ್ಲಿ ಒಂದೇ ಒಂದು ತುಂಡು ಎಣ್ಣೆ ಹೆಪ್ಪುಗಟ್ಟಿ ಕೂತಿರುತ್ತಿತ್ತು. ಪಾತ್ರೆಯೊಳಗೆ ಬಿಸಿಯದು ಬೇಕಾದಷ್ಟಿದ್ದರೂ ಅವಳು ಮೊದಲು ಅದನ್ನೇ, ನಿಂತುಕೊಂಡೇ, ತಿನ್ನುತ್ತಿದ್ದಳು. ಆ ಸುಖ ಯಾರಿಗೆ ಹೇಳಿದರೆ ಅರ್ಥವಾದೀತು?

ಈಗ ಅವನಿಗೆ ಮನೆ ಬೇರೆ, ಹೆಂಡತಿ ಯಮಿನ್. ಸಂದಾ ಜೊತೆಯ ಕೆಲಸದವಳೊಂದಿಗೆ ಕೋಣೆ ಹಂಚಿಕೊಂಡಿದ್ದಳು. ಭಾನುವಾರ ಮಧ್ಯಾಹ್ನದ ಊಟ ಮಾತ್ರ ತಮ್ಮನ ಮನೆಯಲ್ಲಿ. ವಾರಕ್ಕೆ ಒಂದು ಚಮಚ. ಅಷ್ಟೇ ಉಳಿದಿತ್ತು ಅವಳ ಪಾಲಿಗೆ. ಅದಕ್ಕೂ ಅಡ್ಡವಾಗಿ ಮೊನ್ನೆ ಯಮಿನ್‌ಳ ತಾಯಿ ಚೋ ಮಾರ್ ಬಂದಿಳಿದಿದ್ದಳು. ನೋಡಿಕೊಂಡು ಹೋಗುವುದಕ್ಕಲ್ಲ, ಇನ್ನು ಇಲ್ಲೇ ಇರುವುದಕ್ಕೆ. ಅಮ್ಮನಿಗೆ ಇಲ್ಲಿಯ ನಮ್ಮೂರ ಊಟ ತೋರಿಸಬೇಕು ಎಂದು ಯಮಿನ್ ಹಟ ಹಿಡಿದದ್ದಕ್ಕೆ ಈ ಭಾನುವಾರ ಹೋಟೆಲು. ಎಂಥ ಹೋಟೆಲು ಎಂದರೆ ನಮ್ಮ ಬರ್ಮಾದ್ದೂ ಉಂಟು, ಜಪಾನಿನದೂ ಉಂಟು, ಥಾಯ್ಲೆಂಡಿನದೂ ಮೆಕ್ಸಿಕೋದ್ದೂ ಉಂಟು, ಎಲ್ಲ ಒಂದೇ ತಟ್ಟೆಯಲ್ಲಿ. ಅಲ್ಲಿಗೆ ಹೋಗಿ ದುಡ್ಡು ಸುರಿಯುವ ಬದಲು ಮನೆಯಲ್ಲಿ ನಾನೇ ಮಾಡುತ್ತಿದ್ದೆನಲ್ಲ ಎಂದು ಫೋನಿನಲ್ಲಿ ಅಂದಾಗ ತೂರಾ ನಕ್ಕು, ಭಾನುವಾರವೂ ನಿನ್ನನ್ನು ಒಲೆ ಮುಂದೆ ನಿಲ್ಲಿಸಬೇಕಾ ಅಕ್ಕಾ ಎಂದಿದ್ದ. ಮಾತು ಸಿಹಿಯಾಗಿಯೇ ಇತ್ತು. ಆದರೆ ಸಂದಾಳಿಗೆ, ಒಲೆಯೂ ಹೋಯಿತು ಎಂದು ಕೇಳಿಸಿತು.

ಹೋಟೆಲಿನ ಬಾಗಿಲಲ್ಲಿ ಜನ ನಿಂತಿದ್ದರು. ತೂರಾ ಕಾರಿನಿಂದ ಇಳಿದವನು ಇವಳ ಕಡೆ ಕೈ ಬೀಸಿ, ತಕ್ಷಣ ತಿರುಗಿ ಇನ್ನೊಂದು ಬಾಗಿಲು ತೆರೆದು, "ಅಮ್ಮಾ, ಮೆಟ್ಟಿಲಿದೆ, ನೋಡ್ಕೊಂಡು ಇಳೀರಿ" ಎಂದ. ಅಮ್ಮಾ. ಹೆಂಡತಿಯ ತಾಯಿಯನ್ನು ಅಮ್ಮ ಅನ್ನದೆ ಇನ್ನೇನು ಅನ್ನುತ್ತಾರೆ, ಅದು ಸಂದಾಳಿಗೂ ಗೊತ್ತು. ಆದರೆ ಅವನು ದೊಡ್ಡವನಾದ ಮೇಲೆ ಆ ಮಾತನ್ನು ಯಾರಿಗೂ ಅಂದದ್ದನ್ನು ಅವಳು ಕೇಳಿರಲಿಲ್ಲ. ಹೆತ್ತವಳು ಹೋದಾಗ ಅವನಿಗೆ ನಾಲ್ಕು ವರ್ಷ. ಮೂಗು ಒರೆಸಿದ್ದು, ಸ್ನಾನ ಮಾಡಿಸಿದ್ದು, ಜ್ವರ ಬಂದಾಗ ಹಣೆಗೆ ತನಖಾ ಮರದ ತೊಗಟೆಯ ಗಂಧ ತೇಯ್ದು ಹಚ್ಚಿದ್ದು, ಶಾಲೆಯ ಫೀಸಿಗೆ ಕಿವಿಯದು ಮಾರಿದ್ದು ಎಲ್ಲ ಇವಳೇ, ಆದರೂ ಇವಳು ಅಕ್ಕ. ಅಕ್ಕ ಎಂದೇ ಕರೆಯಬೇಕೆಂದು ಕಲಿಸಿದವಳೂ ಇವಳೇ. ಒಂದು ಸಲ, ಐದೋ ಆರೋ ವರ್ಷವಿದ್ದಾಗ, ನಿದ್ದೆಗಣ್ಣಿನಲ್ಲಿ ಅಮ್ಮ ಅಂದಿದ್ದ. ಅಪ್ಪ ಪಕ್ಕದಲ್ಲೇ ಕೂತಿದ್ದ, ಅಪ್ಪನ ಮುಖ ನೋಡಲಾಗದೆ ಇವಳು, ಅಮ್ಮ ಅಲ್ಲ ಕಣೋ, ಅಕ್ಕ ಅಂದಿದ್ದಳು. ಹಾಗೆ ಅನ್ನದೆ ಸುಮ್ಮನಿದ್ದಿದ್ದರೆ ಏನು ಗಂಟು ಹೋಗುತ್ತಿತ್ತು.

ಚೋ ಮಾರ್ ಟೋಪಿ ತೆಗೆದಿದ್ದಳು. ಕೂದಲು ಅರ್ಧ ಕಪ್ಪು ಅರ್ಧ ಬಿಳುಪು, ಲೆಕ್ಕಕ್ಕೆ ಸಿಗದ ಹಾಗೆ. ನಡುಗುವ ಚಳಿಯಲ್ಲೂ ಅವಳ ಮುಖದಲ್ಲಿ ನಗು ಇತ್ತು. ನೇರವಾಗಿ ಸಂದಾಳ ಹತ್ತಿರ ಬಂದು, ಎರಡೂ ಕೈ ಹಿಡಿದುಕೊಂಡು, ಕೈ ಎಷ್ಟು ತಣ್ಣಗಿದೆ ಎಂದು ಉಜ್ಜಿ, ಚೀಲದಿಂದ ಒಂದು ಪೊಟ್ಟಣ ತೆಗೆದು ಕೊಟ್ಟಳು. ಹುಳಿ ಬರಿಸಿದ ಚಹಾ ಎಲೆ, ಅವಳ ತವರಿನ ಗುಡ್ಡದ್ದು, ಎಂಟು ಸಾವಿರ ಮೈಲಿ ಬಟ್ಟೆಯ ನಡುವೆ ಸುತ್ತಿಕೊಂಡು ತಂದದ್ದಂತೆ. ಕೆಟ್ಟವಳಾಗಿದ್ದರೆ ಎಷ್ಟು ಸುಲಭವಿತ್ತು. ಸಂದಾ ಪೊಟ್ಟಣವನ್ನು ಮೂಸಿ ಸಹ ನೋಡದೆ ಕೈಚೀಲಕ್ಕೆ ತುರುಕಿದಳು.

"ನಿಮಗೀಗ ವಯಸ್ಸೆಷ್ಟು?" ಚೋ ಮಾರ್ ಕೇಳಿದಳು.

ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ವಯಸ್ಸು ಗೊತ್ತಾಗದೆ ಯಾರು ಅಕ್ಕ ಯಾರು ತಂಗಿ ಎಂದು ತೀರ್ಮಾನವಾಗುವುದಿಲ್ಲ, ಅದು ತೀರ್ಮಾನವಾಗದೆ ಮಾತು ಮುಂದೆ ಹೋಗುವುದಿಲ್ಲ. ಸಂದಾ ಬೆಳಗಿನಿಂದ ಕಾದಿದ್ದದ್ದೇ ಈ ಪ್ರಶ್ನೆಗೆ. ಬಸ್ಸಿನಲ್ಲಿ ಎರಡು ಸಲ ಉತ್ತರವನ್ನು ಬಾಯಲ್ಲೇ ಹೇಳಿ ನೋಡಿಕೊಂಡಿದ್ದಳು. ಆದರೆ ಬಾಗಿಲಲ್ಲಿ ಅಷ್ಟು ಜನ, ಪಕ್ಕದಲ್ಲಿ ನೆಟ್ಟಗೆ ನಿಂತ ಯಮಿನ್, ತಲೆ ತುಂಬ ಹೊಸ ಬಣ್ಣ. ಗಾಜಿನ ಗೂಡಿನಲ್ಲಿ ಜೊತೆಗೆ ಕೆಲಸ ಮಾಡುವ ಎಳೆ ಹುಡುಗಿಯರ ಮುಂದೆ ವರ್ಷಗಟ್ಟಲೆ ಹೇಳಿ ಹೇಳಿ ಪಳಗಿದ ನಾಲಗೆ ತನ್ನ ಪಾಡಿಗೆ ತಾನು, "ಐವತ್ತನಾಲ್ಕು" ಅಂದುಬಿಟ್ಟಿತು.

"ನನಗೆ ಐವತ್ತಾರು ತುಂಬ್ತು. ಹಾಗಾದ್ರೆ ನಾನೇ ದೊಡ್ಡೋಳು," ಎಂದಳು ಚೋ ಮಾರ್, ಖುಷಿಯಿಂದ. "ಇನ್ನು ನಿಮಗೆ ನೀವು ಗೀವು ಅನ್ನಲ್ಲಪ್ಪ. ಬಾ ತಂಗಿ."

ಸಂದಾ ತಮ್ಮನ ಕಡೆ ನೋಡಿದಳು. ಅವನಿಗೆ ತನ್ನ ವಯಸ್ಸು ಗೊತ್ತು. ಈಗ ಒಂದು ಮಾತು ನಗುತ್ತಾ ಹೇಳಿದ್ದರೂ ಸಾಕಿತ್ತು, ಏನಕ್ಕಾ ಇದು, ನೀನು ಹುಟ್ಟಿ ಹದಿನೈದು ವರ್ಷಕ್ಕೆ ತಾನೇ ನಾನು ಹುಟ್ಟಿದ್ದು ಅಂತ. ಅವನು ತುಟಿಯ ಅಂಚಿನಲ್ಲಿ ನಗು ತಡೆದುಕೊಂಡು ನೆಲ ನೋಡಿದ. ಅಕ್ಕನ ಮಾನ ಕಾಪಾಡುತ್ತಿದ್ದಾನೆ ಎಂದು ಒಂದು ಮನಸ್ಸು ಹೇಳಿತು. ಇನ್ನೊಂದು ಮನಸ್ಸು, ಅದೇ ದೊಡ್ಡ ಗಂಟಲಿನದು, ಅವನಿಗೂ ಅದೇ ಬೇಕಿತ್ತು ಕಣೇ ಅಂದಿತು. ಇನ್ನು ಮುಂದೆ ಒಂದೇ ಸೂರಿನಡಿ ಇರಬೇಕಾದವಳು ಅತ್ತೆ. ವಾರಕ್ಕೊಮ್ಮೆ ಬಸ್ಸು ಹತ್ತಿ ಬರುವವಳು ನೀನು. ನೀನಾಗಿಯೇ ದಾರಿ ಬಿಟ್ಟುಕೊಟ್ಟೆಯಲ್ಲ, ಅವನ ತಲೆಭಾರ ಇಳಿಯಿತು.

ಒಳಗೆ ಮೇಜು ಸಿಕ್ಕಿತು. ತೂರಾ ಚೋ ಮಾರ್‌ಳನ್ನು ಗೋಡೆಯ ಕಡೆ ಬೆಚ್ಚಗೆ ಕೂರಿಸಿ ಸಂದಾಳನ್ನು ಅವಳೆದುರಿಗೆ ಕೂರಿಸಿ ತಾನು ಸಂದಾಳ ಪಕ್ಕ ಕೂತ. ಪಕ್ಕ ಕೂತನಲ್ಲ ಎಂದು ಒಂದು ಕ್ಷಣ ಜೀವ ತಣ್ಣಗಾಯಿತು. ಮರುಕ್ಷಣವೇ, ಎದುರು ಕೂತವರ ತಟ್ಟೆಗೆ ಬಡಿಸುವುದೇ ಸಲೀಸು ಎಂಬುದು ಹೊಳೆಯಿತು. ಯಮಿನ್ ಪಟ್ಟಿ ಹಿಡಿದು ಅಮ್ಮನಿಗೆ ಓದಿ ಹೇಳುತ್ತಿದ್ದಳು. ಹಸಿ ಸಾಲ್ಮನ್ ಮೀನನ್ನು ಮೆಕ್ಸಿಕೋದವರ ಜೋಳದ ರೊಟ್ಟಿಯಲ್ಲಿ ಮಡಚಿ ಮೇಲೆ ನಮ್ಮ ಚಹಾ ಎಲೆ ಉದುರಿಸಿದ್ದು, ತೆಂಗಿನಹಾಲಿನ ನೂಡಲ್ಸಿಗೆ ಜಪಾನಿನ ಹೆಸರು ಇಟ್ಟದ್ದು, ಸಮೋಸ ಒಡೆದು ಹಾಕಿದ ಸಾರು, ಪರೋಟದ ಮೇಲೆ ಚೀಸು. ಚೋ ಮಾರ್ ಪ್ರತಿಯೊಂದಕ್ಕೂ ಅಯ್ಯೋ ದೇವರೇ ಎಂದು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು, ತೂರಾ ಅವಳ ನಗುವಿಗೆ ನಗುತ್ತಿದ್ದ. ಈ ಸಾಲ್ಮನ್ ನಿನ್ನೆಯದು, ಅಂಚು ನೋಡಿದರೆ ಗೊತ್ತಾಗುತ್ತದೆ ಎಂದು ಸಂದಾ ಪಕ್ಕದ ಮೇಜಿನ ತಟ್ಟೆ ತೋರಿಸಿ ಅಂದಳು. ಯಾರೂ ನಗಲಿಲ್ಲ. ಚೋ ಮಾರ್ ಮಾತ್ರ, ನೋಡಿ, ಕೆಲಸ ಗೊತ್ತಿರೋಳು ಅಂದ್ರೆ ಹೀಗಿರ್ಬೇಕು ಎಂದು ಮೆಚ್ಚಿದಳು. ಅವಳಿಂದ ಮೆಚ್ಚಿಸಿಕೊಳ್ಳಬೇಕಾಗಿ ಬಂತಲ್ಲ ಎಂದು ಸಂದಾಳಿಗೆ ಇನ್ನಷ್ಟು ಉರಿಯಿತು.

ಚಹಾ ಎಲೆಯ ಪಲ್ಯ ಬಂತು. ತೋಳಿನ ತುಂಬ ಹೂವಿನ ಹಚ್ಚೆ ಹಾಕಿಸಿಕೊಂಡ ಹೆಂಗಸೊಬ್ಬಳು ತಟ್ಟೆಯನ್ನು ಮೇಜಿನ ನಡುವೆ ಇಟ್ಟು, ಎಲೆ, ಹುರಿದ ಬೇಳೆ, ಕಡಲೆಕಾಯಿ, ಎಳ್ಳು, ಟೊಮೇಟೊ, ಒಣಸೀಗಡಿ ಒಂದೊಂದರ ಹೆಸರನ್ನೂ ಇವರಿಗೇ ಹೇಳಿಕೊಟ್ಟು, ನಿಂಬೆ ಹಿಂಡಿ, ಎರಡು ಚಮಚದಲ್ಲಿ ಕಲಸಿ, ಒಬ್ಬೊಬ್ಬರಿಗೂ ಒಂದಿಷ್ಟು ಹಾಕಿ ಹೋದಳು. ಯಮಿನ್‌ಗೆ ಮೊದಲು, ತೂರಾನಿಗೆ ಕೊನೆಗೆ, ಕೈಗೆ ಹೇಗೆ ಬಂತೋ ಹಾಗೆ. ನಮ್ಮ ಪಲ್ಯಾನ ಬೇರೆಯವರ ಕೈಲಿ ಕಲಸ್ಕೊಳ್ಳೋದು ಇದೇ ಮೊದಲು ನನಗೆ ಎಂದಳು ಚೋ ಮಾರ್. ಸಂದಾ ಉಸಿರು ಬಿಟ್ಟಳು. ಇದು ಲೆಕ್ಕಕ್ಕಿಲ್ಲ, ಬಡಿಸಿದವಳು ಹೊರಗಿನವಳು. ಚೀಸಿನ ಪರೋಟ ಬಂತು, ಅದನ್ನು ಹರಿದು ಹರಿದು ತಿಂದರು, ಅದೂ ಲೆಕ್ಕಕ್ಕಿಲ್ಲ. ಅನ್ನ ಬರಬೇಕು. ಅನ್ನದ ಮೇಲೆ ಪಲ್ಯ ಬೀಳಬೇಕು. ಅಲ್ಲಿಯತನಕ ಏನೂ ನಡೆದಿಲ್ಲ. ಆದರೆ ಈ ಹೋಟೆಲಿನವರಿಗೆ ಅನ್ನ ಎನ್ನುವುದು ನೆನಪಾದಾಗ ತರುವ ವಸ್ತು. ಹುರಿದ ತೋಫು ಬಂತು, ಅನ್ನ ಬರಲಿಲ್ಲ. ಸಾರು ಬಂತು, ಅನ್ನ ಬರಲಿಲ್ಲ. ಅಡುಗೆಮನೆಯ ಬಾಗಿಲು ತೆರೆದಾಗಲೆಲ್ಲ ಸಂದಾ ಕತ್ತೆತ್ತಿ ಅತ್ತ ನೋಡುತ್ತಿದ್ದಳು. ಐವತ್ತೊಂಬತ್ತರ ಹೆಂಗಸು, ಒಂದು ತುಂಡು ಮಾಂಸಕ್ಕೆ ಹೀಗೆ ಬಾಯಿ ಬಿಟ್ಟುಕೊಂಡು ಕೂತಿದ್ದೀಯಲ್ಲ, ನಾಚಿಕೆಯಾಗಬೇಕು ನಿನಗೆ ಎಂದು ತನ್ನನ್ನು ತಾನೇ ಬೈದುಕೊಂಡಳು. ನಾಚಿಕೆ ಆಗುತ್ತಲೂ ಇತ್ತು, ಆದರೆ ಆಸೆ ಕಡಿಮೆಯಾಗಲಿಲ್ಲ.

ಹಿಂದೆ ಊರಿನಲ್ಲಿ ಅಪ್ಪನನ್ನು ಸುಟ್ಟು ಬಂದ ಮೇಲೆ ಒಂದು ವಾರ ಮನೆಯಲ್ಲಿ ನೆಂಟರಿದ್ದರು. ಅವರೆಲ್ಲ ಹೊರಟುಹೋದ ದಿನ ಅವಳೂ ಹನ್ನೊಂದು ವರ್ಷದ ತೂರಾನೂ ದುಂಡು ಮೇಜಿನ ಮುಂದೆ ಚಾಪೆಯ ಮೇಲೆ ಕೂತಿದ್ದರು. ಮೀನಿನ ಸಾರು, ಬಸಳೆ. ಇಬ್ಬರೂ ಕೈ ತೊಳೆದು ಕೂತರೂ ಯಾರೂ ಶುರು ಮಾಡಲಿಲ್ಲ, ಅಪ್ಪನ ಜಾಗ ಖಾಲಿ ಇತ್ತು. ಹುಡುಗ ಬಹಳ ಹೊತ್ತು ಮೀನನ್ನೇ ನೋಡುತ್ತಿದ್ದ. ಆಮೇಲೆ ಚಮಚದಲ್ಲಿ ಹೊಟ್ಟೆಯ ಕಡೆಯ ತುಂಡನ್ನು ಎತ್ತಿ, ಎಡಗೈಯನ್ನು ಬಲಮೊಣಕೈಗೆ ತಾಗಿಸಿ, ದೊಡ್ಡವರಿಗೆ ಕೊಡುವ ಹಾಗೆ, ಅವಳ ತಟ್ಟೆಗೆ ಹಾಕಿದ. ಅವಳು ಬೆನ್ನ ಹಿಂದೆ ಯಾರಾದರೂ ಬಂದರೇ ಎಂದು ತಿರುಗಿ ನೋಡಿದ್ದಳು. ಯಾರೂ ಇರಲಿಲ್ಲ. ಇಪ್ಪತ್ತಾರು ವರ್ಷಕ್ಕೆ ಅವಳು ಒಂದು ಮನೆಯ ಹಿರಿಯಳಾಗಿದ್ದಳು. ಮಾರನೆಯ ತಿಂಗಳು ಬಂದರಿನ ಗುಮಾಸ್ತನ ಕಡೆಯವರು ಹೆಣ್ಣು ಕೇಳಿಕೊಂಡು ಬಂದಾಗ, ಹುಡುಗನನ್ನು ಯಾರಾದರೂ ನೆಂಟರ ಮನೆಯಲ್ಲಿ ಬಿಡಬೇಕಾಗುತ್ತದೆ ಅಂದರು. ಅವಳು ಚಹಾ ಕೊಟ್ಟು ಕಳಿಸಿದಳು. ಅದಕ್ಕಾಗಿ ಅವಳು ಒಂದು ದಿನವೂ ಅತ್ತಿಲ್ಲ. ತೂರಾನಿಗೆ ಹೇಳಿಯೂ ಇಲ್ಲ. ಆದರೆ ಒಳಗೆ ಎಲ್ಲೋ ಅದನ್ನು ನೆನಪಿಟ್ಟುಕೊಂಡಿದ್ದಳು, ಇಂಥ ಹೊತ್ತಿನಲ್ಲಿ ಅದು ತಾನಾಗಿ ಮೇಲೆ ಬರುತ್ತಿತ್ತು. ಈಗ ಎದುರು ಕೂತು ಬೆರಳಿಗಂಟಿದ ಎಳ್ಳು ನೆಕ್ಕುತ್ತಿರುವ ಈ ಹೆಂಗಸು ಅವನಿಗಾಗಿ ಏನು ಬಿಟ್ಟಿದ್ದಾಳೆ? ಮಗಳನ್ನು ಕೊಟ್ಟಿದ್ದಾಳೆ, ಸರಿ. ಕೊಟ್ಟವಳಿಗೆ ಈಗ ಮಗಳೂ ಇದ್ದಾಳೆ, ಮಗನೂ ಸಿಕ್ಕಿದ.

ಅನ್ನ ಬಂತು. ತೆಂಗಿನಹಾಲಿನ ಅನ್ನ, ನಾಲ್ಕು ಚಿಕ್ಕ ಬಟ್ಟಲಲ್ಲಿ. ಅದರ ಹಿಂದೆಯೇ ಕಪ್ಪು ಕಲ್ಲಿನ ಬಟ್ಟಲಲ್ಲಿ ಉಪ್ಪಿನಲ್ಲಿ ನೆನೆಸಿದ ಮಾವಿನಕಾಯಿ ಹಾಕಿ ಬೇಯಿಸಿದ ಹಂದಿಮಾಂಸ. ಮೇಲೆ ಯಾವ ದೇಶದ್ದೋ ಸೊಪ್ಪು ಅಲಂಕಾರಕ್ಕೆ ಇಟ್ಟಿದ್ದರು, ಆದರೆ ವಾಸನೆ ಮನೆಯದೇ. ಮಾತು ತಾನಾಗಿ ನಿಂತಿತು. ಯಮಿನ್ ಗಂಡನ ಕಡೆ ನೋಡಿದಳು. ಚೋ ಮಾರ್ ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡು ಕೂತಳು, ಕೊಡುವುದನ್ನು ತೆಗೆದುಕೊಳ್ಳಲು ಸಿದ್ಧವಾದವಳ ಹಾಗೆ ಕಂಡಳು ಸಂದಾಳ ಕಣ್ಣಿಗೆ. ತೂರಾ ಚಮಚಕ್ಕೆ ಕೈ ಹಾಕಿದ. ಆ ಚಮಚ ಮೇಜು ದಾಟಿ ಆಚೆ ಹೋಗುವುದನ್ನು, ಅವನು ಅಮ್ಮಾ ಎನ್ನುವುದನ್ನು, ತಾನು ಮುಖದಲ್ಲಿ ನಗು ಇಟ್ಟುಕೊಂಡು ಅದನ್ನು ನೋಡಬೇಕಾದದ್ದನ್ನು ಸಂದಾ ಆಗಲೇ ಕಂಡಾಗಿತ್ತು. ಇಲ್ಲ, ಅದನ್ನು ನೋಡಲಾರೆ. ಅವನು ಕೊಡುವುದಕ್ಕೆ ಮೊದಲು ನಾನೇ ಕೊಟ್ಟುಬಿಟ್ಟರೆ ಅವನು ಕೊಟ್ಟಂತಾಗುವುದಿಲ್ಲ. ತಂಗಿ ಅಂದಳಲ್ಲ, ತಂಗಿಯೇ ಬಡಿಸಲಿ. ಅವನ ಕೈಯಿಂದ ಮಾತ್ರ ಅವಳಿಗೆ ಬೀಳಬಾರದು. ಸಂದಾ ತನ್ನ ಚಮಚವನ್ನೇ ಬಟ್ಟಲಿಗೆ ಇಳಿಸಿ, ಅವಸರದಲ್ಲಿ ಸಾರು ಮೇಜಿನ ಮೇಲೆ ಚೆಲ್ಲಿಕೊಂಡು, ಕೊಬ್ಬಿರುವ ದೊಡ್ಡ ತುಂಡನ್ನು ಎತ್ತಿ ಚೋ ಮಾರ್‌ಳ ಅನ್ನದ ಮೇಲೆ ಇಟ್ಟಳು.

"ತಗೊಳ್ಳಿ ಅಕ್ಕಾ," ಅಂದಳು.

ಕೈ ಹಿಂದಕ್ಕೆ ತೆಗೆದುಕೊಳ್ಳುವಾಗ ಅವಳಿಗೆ ತೂರಾ ಕಂಡ. ಅವನ ಚಮಚದಲ್ಲಿ ಒಂದು ತುಂಡಿತ್ತು. ಎಡಗೈ ಬಲಮೊಣಕೈಗೆ ತಾಗಿತ್ತು. ಅವನು ಮೇಜಿನ ಆಚೆಗೆ ಬಾಗಿರಲಿಲ್ಲ. ಪಕ್ಕಕ್ಕೆ, ಇವಳ ಕಡೆಗೆ, ಪೂರ್ತಿ ತಿರುಗಿದ್ದ. ಚಮಚ ಇವಳ ಅನ್ನದ ಬಟ್ಟಲಿನ ಮೇಲೆ ನಿಂತಿತ್ತು.

ಮೊದಲ ಚಮಚ ಬಿದ್ದಾಗಿತ್ತು, ಊಟಕ್ಕೆ ಅದು ಒಂದೇ. ತೂರಾ ಮಾಂಸದ ಕಡೆ ನೋಡಿದ, ಅಕ್ಕನ ಮುಖ ನೋಡಿದ, ಏನು ಮಾಡುವುದೆಂದು ಗೊತ್ತಾಗದೆ ಕೊನೆಗೆ ಆ ತುಂಡನ್ನು ಅಲ್ಲಿಯೇ, ಅವಳ ಅನ್ನದ ಮೇಲೆಯೇ ಇಳಿಸಿದ. ಅದು ಈಗ ಬರೀ ಒಂದು ತುಂಡು.

ಚೋ ಮಾರ್‌ಳ ಕಣ್ಣಲ್ಲಿ ನೀರು ಬಂದಿತ್ತು. "ನೋಡು ತಂಗಿ," ಅಂದಳು, "ಬರ್ತಾ ಕಾರಲ್ಲಿ ನಿನ್ನ ತಮ್ಮ ಹೇಳಿದ್ದ. ಅಮ್ಮಾ, ತಪ್ಪು ತಿಳ್ಕೋಬೇಡಿ, ನೀವು ಮನೇಲೇ ಇರ್ತೀರಿ, ಆದ್ರೆ ಅಕ್ಕ ಬಂದ ದಿನ ಮೊದಲನೇ ಚಮಚ ನಾನು ಅಕ್ಕನಿಗೇ ಇಡೋದು, ನನ್ನನ್ನ ಸಾಕಿದೋಳು ಅವಳು ಅಂತ. ನಾನೂ ಆಗ್ಲಪ್ಪ, ಅದೇ ಸರಿ ಅಂದಿದ್ದೆ. ನೀನು ನೋಡಿದ್ರೆ ನಿನಗೆ ಬರೋದನ್ನೇ ತೆಗೆದು ನನಗೆ ಕೊಟ್ಯಲ್ಲೇ. ಯಾರು ಮಾಡ್ತಾರೆ ಹೀಗೆ?"

ಸಂದಾ ಮೇಜಿನ ಮೇಲೆ ಚೆಲ್ಲಿದ ಸಾರನ್ನು ಒರೆಸತೊಡಗಿದಳು. ಹಾಗಲ್ಲ ಎನ್ನಬೇಕು. ನಾನು ಕೊಟ್ಟದ್ದಲ್ಲ, ಅವನ ಕೈಯಿಂದ ನಿಮಗೆ ಸಿಗಬಾರದು ಎಂದು ಕಿತ್ತುಕೊಂಡದ್ದು ಎನ್ನಬೇಕು. ಅಷ್ಟು ಹೇಳಿದರೆ ಸಾಕು, ತೂರಾ ಅರ್ಥ ಮಾಡಿಕೊಂಡಾನು, ಮುಂದಿನ ಭಾನುವಾರ ಎಲ್ಲ ಮೊದಲಿನಂತಾದೀತು. ಆದರೆ ಅದನ್ನು ಹೇಳುವ ಬಾಯಿ ಎಲ್ಲಿಂದ ತರುವುದು. ತೂರಾ ಅವಳನ್ನೇ ನೋಡುತ್ತಿದ್ದ. ಹನ್ನೊಂದು ವರ್ಷದ ಹುಡುಗ ಚಾಪೆಯ ಮೇಲೆ ಕೂತು ನೋಡಿದ ಹಾಗೆಯೇ, ಅಷ್ಟೇ ನಂಬಿಕೆಯಿಂದ, ಇನ್ನೂ ಹೆಚ್ಚು ಹೆಮ್ಮೆಯಿಂದ. ಅವನ ಕಣ್ಣಲ್ಲಿ ತಾನು ಇಷ್ಟು ದೊಡ್ಡವಳಾಗಿ ಹಿಂದೆಂದೂ ಕಂಡಿರಲಿಲ್ಲ ಎಂಬುದು ಅವಳಿಗೆ ಗೊತ್ತಾಯಿತು.

"ನನಗೇ ಹೊಳೀಲಿಲ್ಲ ಅಕ್ಕಾ," ಅಂದ ಅವನು, ಮೆಲ್ಲಗೆ. "ನಾನೇ ತಪ್ಪು ಯೋಚನೆ ಮಾಡಿದ್ದೆ. ಇನ್ಮೇಲೆ ನೀನು ಮಾಡಿ ತೋರಿಸಿದ ಹಾಗೇ ಆಗ್ಲಿ. ನೀನು ಬಂದಾಗ್ಲೂ ಅಮ್ಮನಿಗೇ ಇಡ್ತೀನಿ."

"ಹೂಂ," ಅಂದಳು ಸಂದಾ. ಯಮಿನ್ ಮೇಜಿನ ಆಚೆಯಿಂದ ಅವಳ ಕೈಯನ್ನು ಒತ್ತಿ, ನಿಮ್ಮಂಥ ಅತ್ತಿಗೆ ಸಿಗೋಕೆ ಪುಣ್ಯ ಮಾಡಿರ್ಬೇಕು ಅಂದಳು. ಚೋ ಮಾರ್ ಕಣ್ಣೊರೆಸಿಕೊಂಡು ಮಾಂಸ ಬಾಯಿಗಿಟ್ಟು, ಮಾವಿನಕಾಯಿ ಸ್ವಲ್ಪ ಜಾಸ್ತಿಯಾದರೂ ರುಚಿಯಾಗಿದೆ ಎಂದಳು. ಎಲ್ಲರೂ ಉಣ್ಣತೊಡಗಿದರು. ಮಾತು ಮತ್ತೆ ಶುರುವಾಯಿತು, ಮೊದಲಿಗಿಂತ ಸಲೀಸಾಗಿ, ಮನೆಯವರ ಮಾತಿನ ಹಾಗೆ. ಸಂದಾಳೂ ಉಂಡಳು. ಚೋ ಮಾರ್ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು, ಬಸ್ಸು ಯಾವುದು, ತರಕಾರಿ ಎಲ್ಲಿ ಅಗ್ಗ, ಇಲ್ಲಿಯ ಚಳಿಗೆ ಎಂಥ ಸಾಕ್ಸು ಬೇಕು. ಒಂದೆರಡು ಸಲ ನಕ್ಕಳು ಕೂಡ.

ಹಚ್ಚೆಯ ಹೆಂಗಸು ಕೊನೆಯ ಬಟ್ಟಲು ತಂದಿಟ್ಟಳು. ಹುಣಸೆಹಣ್ಣಿನ ಸಾರಿನಲ್ಲಿ ಬೇಯಿಸಿದ ಮೀನು, ಇಡೀ ಮೀನು, ತಲೆಸಮೇತ. ತೂರಾ ಚಮಚದ ತುದಿಯಿಂದ ಮೀನನ್ನು ಬಿಡಿಸಿ, ಮುಳ್ಳಿಲ್ಲದ ಹೊಟ್ಟೆಯ ಕಡೆಯ ತುಂಡನ್ನು ನಾಜೂಕಾಗಿ ಎತ್ತಿ, ಎಡಗೈಯನ್ನು ಮೊಣಕೈಗೆ ತಾಗಿಸಿದ. ಈ ಸಲ ಅವನು ಯೋಚನೆಯನ್ನೇ ಮಾಡಲಿಲ್ಲ. "ಅಮ್ಮಾ," ಎಂದು ಮೇಜಿನ ಆಚೆಗೆ ಬಾಗಿದ. ಸಂದಾ ಕೆಳಗೆ ನೋಡಿದಳು. ಅವಳಿಗೆ ಗೊತ್ತಿಲ್ಲದೆಯೇ ಅವಳ ಕೈ ಅನ್ನದ ಬಟ್ಟಲನ್ನು ಅವನ ಕಡೆಗೆ ಅಷ್ಟು ದೂರ ತಳ್ಳಿಬಿಟ್ಟಿತ್ತು. ಯಾರಾದರೂ ನೋಡುವ ಮೊದಲು ಅವಳು ಅದನ್ನು ಹತ್ತಿರಕ್ಕೆ ಎಳೆದುಕೊಂಡಳು.